ಹೆಸರು ಹೇಳಬಾರದ ಎಲೆರಸ

ಸೀಸೆ ಮಾರಿದವನಿಗೆ ಏನೂ ಆಗಲಿಲ್ಲ. ಅದರ ಫಲವನ್ನು ಉಂಡವಳು ನನ್ನ ಅವ್ವ.

ಹೋದ ಚಳಿಗಾಲದಲ್ಲಿ ಅವಳ ಬೆರಳ ಗೆಣ್ಣುಗಳು ಬಾತುಕೊಂಡವು. ಮೊದಲು ರೊಟ್ಟಿ ಬಡಿಯುವುದು ನಿಂತಿತು. ಬಳಿಕ ಸೆರಗನ್ನು ಸರಿಪಡಿಸಿಕೊಳ್ಳಲೂ ಆಗದಾಯಿತು. ಮುಗದ ಹಳ್ಳಿಯಲ್ಲಿ ಬೆಳೆದವಳು, ಲಕ್ಕಿ ಎಲೆಯನ್ನು ಹಂಚಿನ ಮೇಲೆ ಬಾಡಿಸಿ ಮಣಿಕಟ್ಟಿಗೆ ಕಟ್ಟಿಕೊಂಡಳು. ಬಾವು ತುಸು ಇಳಿಯಿತು, ನೋವು ಉಳಿಯಿತು. ಆಗ ಪತ್ರಿಕೆಯ ಜಾಹೀರಾತು ನೋಡಿ ಹುಬ್ಬಳ್ಳಿಯ ಔಷಧ ವ್ಯಾಪಾರಿಯೊಬ್ಬನಿಂದ ಹಸಿರು ರಸದ ಸೀಸೆ ತಂದಳು. ಯಾವ ಎಲೆಯೆಂದು ಕೇಳಕೂಡದು, ಎಲ್ಲಿಂದ ತಂದದ್ದೆಂದು ಹೇಳಕೂಡದು. ಹೇಳಿದರೆ ಮದ್ದಿನ ಗುಣ ಹೋಗುತ್ತದೆಂದು ಅವನು ಆಣೆ ಹಾಕಿಸಿಕೊಂಡಿದ್ದನೆಂಬುದು ನನಗೆ ಆಮೇಲೆ ತಿಳಿಯಿತು. ನಮ್ಮ ಸೀಮೆಯಲ್ಲಿ ಮದ್ದು ಕೊಡುವವರ ಹಳೆಯ ಕಟ್ಟಳೆಯಿದು. ಅದನ್ನೇ ಅವನು ತನ್ನ ಮೋಸದ ಬಾಗಿಲಿಗೆ ಅಗಳಿ ಮಾಡಿಕೊಂಡ.

ಕೆಲವೇ ದಿನಗಳಲ್ಲಿ ಬೆರಳು ಮಡಚಿದವು. ಸಪ್ತಾಪುರದ ನಮ್ಮ ಬಾಡಿಗೆ ಮನೆಯಲ್ಲಿ ರೊಟ್ಟಿಯ ಸದ್ದು ಮರಳಿತು. ಸೀಸೆ ಮುಗಿದಂತೆಲ್ಲ ಇನ್ನೊಂದು ತಂದಳು; ಕೆಲವು ತಿಂಗಳಲ್ಲಿ ಅವ್ವನ ಮುಖವೂ ದುಂಡಗಾಯಿತು. ಪಕ್ಕದ ಮನೆಯ ಗಂಗಕ್ಕ ನಕ್ಕಳು: "ಮಾಸ್ತರಬಾಯಿ ಆಗಿರೋ ಮಗಳ ಪಗಾರ ಎಲ್ಲಾ ನಿಮ್ಮ ಗಲ್ಲದಾಗ ಸೇರೇತಿ ನೋಡ್ರಿ, ಅಕ್ಕಾರ!"

ವ್ಯಾಪಾರಿ ಅಂಗಡಿಗೆ ಬೀಗ ಹಾಕಿ ಪರವೂರಿಗೆ ಹೋದ. ಕೊನೆಯ ಸೀಸೆ ಮುಗಿಯಿತು.

ಅವ್ವ ಕುಸಿದುಬಿದ್ದಳು.

ಆಸ್ಪತ್ರೆಯಲ್ಲಿ ವಾಂತಿ ನಿಲ್ಲಲಿಲ್ಲ. ಸಲೈನ್ ಏರಿಸಿದರೂ ಬ್ಲಡ್ ಪ್ರೆಶರ್ ಇಳಿಯುತ್ತಲೇ ಇತ್ತು. ಡಾಕ್ಟರು ಆ ದುಂಡು ಮುಖವನ್ನೇ ದಿಟ್ಟಿಸಿದರು.

"ಏನು ಔಷಧ ತಗೋತಿದ್ರಿ, ಅವ್ವಾರ?"

"ಎಲಿ ರಸಾರಿ."

"ಯಾವ ಎಲಿ? ಯಾರು ಕೊಟ್ರು?"

"ಹೇಳಂಗಿಲ್ರಿ. ಹೇಳಿದ್ರ ಗುಣಾ ಹೋಗತೈತಿ."

ಕಿರಿಯ ಡಾಕ್ಟರೊಬ್ಬರು ನಕ್ಕರು. ಆ ನಗೆಯನ್ನೂ ನಾನು ತಪ್ಪೆಂದೇ ಕರೆಯುತ್ತೇನೆ. ಅವ್ವ ಗೋಡೆಯತ್ತ ಹೊರಳಿದಳು. ಕೈಯ ನಾಡಿ ಹುಡುಕಿದರೂ ಸಿಗುತ್ತಿರಲಿಲ್ಲ.

ನಾನು ಅವಳ ಕಿವಿಯ ಬಳಿ ಬಾಗಿದೆ. "ಗುಣಾ ಹೋದ್ರ ಹೋಗ್ಲಿ ಯವ್ವಾ. ನೀ ಹೋಗಬ್ಯಾಡ."

ಅವಳು ನನ್ನತ್ತ ಹೊರಳಿದಳು. "ಹಿಟ್ಟಿನ ಡಬ್ಬಿ ಹಿಂದ ಐತಿ. ಲಗೂ ಹೋಗು."

ನಾನು ಮನೆಯಿಂದ ತಂದ ಖಾಲಿ ಸೀಸೆಯನ್ನು ಡಾಕ್ಟರು ಬೆಳಕಿಗೆ ಹಿಡಿದರು. ತಳದಲ್ಲಿ ಬೆಳ್ಳನೆಯ ಗಸಿ ಅಂಟಿತ್ತು.

"ಎಲಿ ಅರೆದ್ರ ಇಂಥಾ ಬಿಳೇ ಪುಡಿ ಬರಂಗಿಲ್ಲ. ಕಾರ್ಟಿಸೋನ್ ಜಾತಿಯ ಸ್ಟಿರಾಯ್ಡ್ ಗುಳಿಗಿ ಕೂಡಿಸಿರಬೇಕು. ಅದು ಮುಖಾ ಬಾಯಿಸ್ತೈತಿ, ಮೈ ತಾನಾಗೇ ಅದನ್ನ ಮಾಡೂದು ಬಿಡತೈತಿ. ಒಮ್ಮೆಲೇ ನಿಂತದ್ದಕ್ಕ ಹಿಂಗಾಗೇತಿ."

ಆ ಜಾತಿಯ ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ನಾಡಿ ಸಿಕ್ಕಿತು. ಮುಂದೆ ಆ ಗಸಿಯ ಪರೀಕ್ಷೆಯಲ್ಲಿ ಡಾಕ್ಟರ ಊಹೆಯೇ ನಿಜವಾಯಿತು.

ಈಗ ಅವ್ವನಿಗೆ ಅದೇ ಜಾತಿಯ ಗುಳಿಗೆಯನ್ನು ಕೊಟ್ಟು ಹಂತಹಂತವಾಗಿ ಕಡಿಮೆ ಮಾಡುತ್ತಿದ್ದಾರೆ. ಬೆರಳು ಮತ್ತೆ ಬಿಗಿದಿವೆ. ರೊಟ್ಟಿ ನಾನೇ ಬಡಿಯುತ್ತೇನೆ. ಅಂಚು ಹರಿದರೆ ಅವಳು ನಗುತ್ತಾಳೆ. ಆ ನಗುವಿಗಾಗಿ ನಾನು ಆಸ್ಪತ್ರೆಗೆ ಋಣಿ. ಡಾಕ್ಟರನ್ನು ಕೇಳಿಯೇ ಮಣಿಕಟ್ಟಿಗೆ ಎಲೆ ಕಟ್ಟಿಸಿಕೊಳ್ಳುತ್ತಾಳೆ. ಲಕ್ಕಿ ಎಲೆಯೆಂದು ಕೇಳಿದವರಿಗೆಲ್ಲ ಬಾಯಿಬಿಟ್ಟು ಹೇಳುತ್ತಾಳೆ. ಎಲೆಯ ಮೇಲೆ ನನ್ನ ದೂರಿಲ್ಲ. ಅದರಲ್ಲಿ ಬಾವು ಇಳಿಸುವ ಗುಣ ಎಷ್ಟಿದೆಯೆಂಬುದನ್ನು ಬಲ್ಲವರು ಪರೀಕ್ಷಿಸಿ ಎಲ್ಲರಿಗೂ ತಿಳಿಸಲಿ. ದೂರಿರುವುದು ಗುಟ್ಟನ್ನು ಮಾರುವವರ ಮೇಲೆ, ಆ ಗುಟ್ಟಿನ ಜಾಹೀರಾತು ಅಚ್ಚು ಹಾಕುವ ಪತ್ರಿಕೆಗಳ ಮೇಲೆ, ಕಂಡೂ ಕಾಣದಂತಿರುವ ಅಧಿಕಾರಿಗಳ ಮೇಲೆ.

ಔಷಧದ ಅಂಗಡಿಗಳಿಗೆ ಪರವಾನಗಿ ಕೊಡುವವರೇ, ಸೀಸೆಯೊಳಗೆ ಯಾವ ಎಲೆಯಿದೆ, ಯಾವ ಗುಳಿಗೆ ಬೆರೆತಿದೆ, ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ನನ್ನ ಅವ್ವ ಓದಬಲ್ಲ ಕನ್ನಡದಲ್ಲಿ ಪ್ರತಿ ಸೀಸೆಯ ಮೇಲೂ ಅಚ್ಚು ಹಾಕಿಸಿರಿ. ಹೆಸರಿಲ್ಲದ ಸೀಸೆಗಳನ್ನು ಇಂದೇ ಅಂಗಡಿಗಳಿಂದ ಇಳಿಸಿರಿ.