ಜೋಕಾಲಿಗೆ ಹಾಕಿದ ಲೆಕ್ಕ

ರೋಣದ ನಮ್ಮ ಮನೆಯ ಮುಂದೆ ಎರಡು ಸಾಗವಾನಿ ತೊಲೆಗಳು ಗೋಡೆಯಿಂದ ಐದು ಅಡಿ ಹೊರಗೆ ಚಾಚಿದ್ದವು. ಒಂದು ತುದಿ ಗೋಡೆಯೊಳಗೆ, ಇನ್ನೊಂದು ತುದಿಗೆ ಕಂಬವಿಲ್ಲ, ಮೇಲೆ ತಗಡು. ಬಡಿಗತನ ಮಾಡುತ್ತಿದ್ದ ಅಪ್ಪನೇ ಅವನ್ನು ಕೂರಿಸಿದ್ದು. ನಾನಾಗ ಸಿವಿಲ್ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೆ, ಕಣ್ಣು ನೆತ್ತಿಯ ಮೇಲಿತ್ತು.

ಹೊಳೆಮಣ್ಣೂರಿಗೆ ಕೊಟ್ಟ ಅಕ್ಕ ಮದುವೆಯಾದ ಮೇಲಿನ ಮೊದಲ ಪಂಚಮಿಗೆ ಬಂದಿದ್ದಳು. ನಾವು ಪ್ರತಿ ವರ್ಷ ಜೋಕಾಲಿ ಕಟ್ಟುತ್ತಿದ್ದ ಬೇವಿನ ಮರ ರಸ್ತೆ ಅಗಲ ಮಾಡುವಾಗ ಹೋಗಿತ್ತು.

"ಈ ತೊಲಿಗೇ ಒಂದ್ ಹಗ್ಗ ಕಟ್ಟೋ ತಮ್ಮಾ. ಅತ್ತಿ ಮನ್ಯಾಗ ಜೀಕಾಕ ಬಿಡೂದಿಲ್ಲ," ಅಂದಳು.

"ತಡೀತದ, ಕಟ್ಟು," ಅಂದ ಅಪ್ಪ.

"ಅಂದಾಜಿನ ಮ್ಯಾಲ ಹ್ಯಾಂಗ ಯಪ್ಪಾ? ಲೆಕ್ಕ ಹಾಕ್ತೀನಿ, ತಡಿ," ಅಂದೆ ನಾನು.

ಅಕ್ಕನ ತೂಕ ಕೇಳಿದೆ. "ಐವತ್ತು ಕಿಲೊ ಬರಿ. ಪಂಚಮಿ ಉಂಡಿ ತಿಂದದ್ದೂ ಹಿಡದು," ಎಂದು ನಕ್ಕಳು. ತಗಡಿನದೂ ತೊಲೆಯದೂ ಭಾರ ಉದ್ದಕ್ಕೂ ಹರಡಿದ್ದು; ಅಕ್ಕನದು ತುದಿಯಲ್ಲಿ, ಜೀಕುವುದರಿಂದ ಅದರ ಎರಡರಷ್ಟು. ಎರಡೂ ಭಾರಕ್ಕೆ ತೊಲೆ ಎಷ್ಟೆಷ್ಟು ಬಾಗುತ್ತದೆಂದು ಬೇರೆ ಬೇರೆ ಹಾಕಿ ಕೂಡಿಸಿದೆ. ಇಪ್ಪತ್ತೆಂಟು ಮಿಲಿಮೀಟರ್ ಬಂತು. ಐದಡಿಯ ತೊಲೆಗೆ ಎಂಟರ ಮೇಲೆ ಹೋಗಬಾರದು.

"ಇಪ್ಪತ್ತೆಂಟು! ಬ್ಯಾಡಂದ್ರ ಬ್ಯಾಡ," ಎಂದು ಹಗ್ಗ ಸುತ್ತಿಟ್ಟೆ. ಅಪ್ಪ ತೊಲೆಯನ್ನೊಮ್ಮೆ, ನನ್ನ ನೋಟ್‌ಬುಕ್ಕನ್ನೊಮ್ಮೆ ನೋಡಿ, "ಸಾಲಿ ಕಲ್ತಾಂವ ಹೇಳ್ತಾನಂದ್ರ ಇರ್ತದ ಬಿಡವಾ," ಅಂದ. ಅಕ್ಕ ಕಟ್ಟೆಯ ಮೇಲೆ ಕೂತು, ಓಣಿಯ ಉಳಿದ ಹುಡುಗಿಯರು ತಂತಮ್ಮ ಮನೆ ಮುಂದೆ ಜೀಕುವುದನ್ನು ನೋಡಿದಳು. ಮರುದಿನ ಬಸ್ ಹತ್ತುವಾಗ, "ಬರೂ ವರ್ಷ ಒಂದ್ ಕಂಬನಾರ ನಿಂದ್ರಸು ಮಾರಾಯಾ," ಎಂದು ನನ್ನ ಕಿವಿ ಹಿಂಡಿದಳು.

ಬರುವ ವರ್ಷ ಅವಳಿಗಿರಲಿಲ್ಲ. ದೀಪಾವಳಿಗೆ ಮುಂಚೆ ಕಾಮಾಲೆ ಹತ್ತಿತು. ಆಗ ಓಣಿಗೆಲ್ಲ ಒಂದೇ ಮೊಬೈಲ್. ಸುದ್ದಿ ಎದುರು ಮನೆಗೆ ಬಂತು. ನಾವು ಹೋಗಿ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಪರೀಕ್ಷೆಗೆ ಓದುವಾಗ ಅದೇ ತರಹದ ಲೆಕ್ಕ ಸಿಕ್ಕಿತು. ತೊಲೆಯ ಅಗಲ ಹಾಗೇ ಇಟ್ಟು ಎತ್ತರದ ಘನ ತೆಗೆಯಬೇಕು. ಹಳೆಯ ಪುಟ ತೆಗೆದು ನೋಡಿದೆ. ಮೂರು ಇಂಚು ಅಗಲ, ಆರು ಇಂಚು ಎತ್ತರದ ತೊಲೆಯನ್ನು, ಕತ್ತೆ ನಾನು, ಅಡ್ಡ ಮಲಗಿಸಿ, ಎತ್ತರದ ಬದಲು ಅಗಲದ ಘನ ತೆಗೆದಿದ್ದೆ. ಸರಿಯಾದ ಉತ್ತರ ಅದರ ಕಾಲು ಭಾಗ, ಏಳು ಮಿಲಿಮೀಟರ್.

ಊರಿಗೆ ಬಂದವನೇ ತೊಲೆಯ ತುದಿಗೆ ಕ್ವಿಂಟಲ್ ಜೋಳದ ಚೀಲ ತೂಗುಬಿಟ್ಟೆ. ನೂಲು ಹಿಡಿದು ಅಳೆದೆ. ತಗಡಿನ ಭಾರಕ್ಕೆ ಒಂದು ಮಿಲಿಮೀಟರ್ ಮೊದಲೇ ಬಾಗಿತ್ತು, ಚೀಲಕ್ಕೆ ಬಾಗಿದ್ದು ಆರು. ಒಂದು ಚಿಟಕ್ ಅನ್ನುವ ಸದ್ದೂ ಇಲ್ಲ. ಚೀಲ ತಬ್ಬಿಕೊಂಡು ಅತ್ತೆ.

ಅಪ್ಪ ಒಳಗಿನಿಂದ ಬಂದ. ಲೆಕ್ಕ ತಪ್ಪಿತ್ತೆಂದು ಹೇಳಿದೆ, ಎರಡು ಬಾರಿಸಲಿ ಎಂದು ಕಾದೆ. ಅವನು ಚೀಲದ ಹಗ್ಗ ಬಿಚ್ಚತೊಡಗಿದ.

"ತಡೀತದಂತ ನನಗ ಗೊತ್ತಿತ್ತೋ," ಅಂದ. "ನಿನ್ನ ಓದು ಸಣ್ಣದಾಗಬಾರದಂತ ಸುಮ್ಮನಾದೆ."