ಎಲೆಗೆ ಅಡ್ಡ ಬಂದ ಕೈ

ಸೊರಬದಲ್ಲಿ ನನ್ನ ತಮ್ಮನ ಮಾವನ ಮನೆಯ ಪಡಸಾಲೆ. ತೊಂಬತ್ತೇಳರ ಬೇಸಿಗೆ, ಮಧ್ಯಾಹ್ನದ ಮೊದಲ ಪಂಕ್ತಿ. ನೀರಿನ ತಂಬಿಗೆ ಹಿಡಿದು ನಾನು ಬಾಗಿಲ ಬಳಿಯ ಕಂಬಕ್ಕೆ ಒತ್ತಿ ನಿಂತಿದ್ದೆ. ಅಲ್ಲಿಂದ ಅತ್ತೆಯ ಬಲಗೈ ಸ್ಪಷ್ಟವಾಗಿ ಕಾಣುತ್ತಿತ್ತು: ಗಂಟುಬಿದ್ದ ಬೆರಳುಗಳು, ರೊಟ್ಟಿ ಬಡಿದು ಬಡಿದು ಚಪ್ಪಟೆಯಾದ ಅಂಗೈ. ಪಕ್ಕದ ಎಲೆ ನನ್ನ ಮಗಳದು. ಅವಳಿಗೆ ಆಗ ಏಳು ವರ್ಷ. ನನ್ನ ಹೆಂಡತಿ ಎದುರು ಸಾಲಿನಲ್ಲಿದ್ದಳು.

ಅತ್ತೆ ನನ್ನ ತಂದೆಯ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಶಿಕಾರಿಪುರದ ನಮ್ಮ ಮನೆಗೆ ಬಂದವರು. ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುತ್ತಿದ್ದರು. ನಮಗೂ ಅದನ್ನೇ ಕಲಿಸಿದ್ದರು. "ಪ್ರಸಾದಕ್ಕ ಬ್ಯಾಡ ಅನ್ನೋ ಬಾಯಿ ಬಾಯಲ್ಲ" ಎನ್ನುವರು. ಬೇಡವೆಂದ ಮಕ್ಕಳಿಗೆ ಇನ್ನೊಂದು ಸೌಟು ಬೀಳುತ್ತಿತ್ತು.

ಮಗಳು ಸೊರಗತೊಡಗಿದಾಗ, ಶಕ್ತಿ ಬರಲೆಂದು ದಿನಾ ಬೆಳಿಗ್ಗೆ ಗೋಧಿ ಗಂಜಿ ಕಾಸಿ ಕುಡಿಸಿದವರೂ ಅತ್ತೆಯೇ. ಮಗಳ ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾದವು. ಅವಳು ಸೊರಗಿದಷ್ಟೂ ಗಂಜಿ ಗಟ್ಟಿಯಾಯಿತು. ಕೊನೆಗೆ ದಾವಣಗೆರೆಯ ಡಾಕ್ಟರು ಕರುಳಿನ ಪರೀಕ್ಷೆ ಮಾಡಿಸಿ, ಇದಕ್ಕೆ ಸೀಲಿಯಾಕ್ ಎನ್ನುತ್ತಾರೆ, ಗೋಧಿಯೇ ಇವಳ ಕರುಳನ್ನು ಕೆಡಿಸುತ್ತಿದೆ, ಗೋಧಿ, ರವೆ, ಮೈದಾ ಇನ್ನು ಬದುಕಿರುವವರೆಗೂ ಕೂಡದು ಎಂದರು. ಅತ್ತೆ ಕೇಳಿದ್ದು ಒಂದೇ ಮಾತು.

"ಪ್ರಸಾದದಷ್ಟು?"

"ಅಷ್ಟೂ ಇಲ್ಲಮ್ಮ."

ಮರುದಿನ ಮಗಳಿಗೆ ಬೇರೆ ಹೆಂಚು, ಬೇರೆ ಸೌಟು ಬಂದವು. ಗಿರಣಿಯಲ್ಲಿ ಗೋಧಿಯನ್ನೂ ಬೀಸುತ್ತಾರೆಂದು ಅಟ್ಟದಿಂದ ಬೀಸುಕಲ್ಲು ಇಳಿಸಿ, ಅವಳ ಅಕ್ಕಿ, ಜೋಳವನ್ನು ತಾವೇ ಬೀಸತೊಡಗಿದರು. ಗಂಜಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಮಗಳ ಕೆನ್ನೆ ನಿಧಾನವಾಗಿ ತುಂಬಿಕೊಂಡಿತು. ಆದರೂ ಪ್ರಸಾದದ ವಿಷಯದಲ್ಲಿ ಅತ್ತೆ ಏನು ಮಾಡುತ್ತಾರೋ ಎಂಬ ಅಳುಕು ನನ್ನನ್ನು ಬಿಟ್ಟಿರಲಿಲ್ಲ.

ಅಂದು ಸೊರಬದ ಮನೆಯಲ್ಲಿ ಗುರುಗಳ ಪಾದಪೂಜೆ. ಮಗಳಿಗೆ ಅನ್ನ ಸಾರು ಬೇರೆ ಪಾತ್ರೆಯಿಂದ ಬಡಿಸಲು ಅಡುಗೆಯವರಿಗೆ ಹೇಳಿದ್ದೆವು. ಆದರೆ ಗೋಧಿ ಹುಗ್ಗಿ ಬಂದಾಗ ಗುರುಗಳು ತಾವೇ ಸೌಟು ಹಿಡಿದು ಪಂಕ್ತಿಯಲ್ಲಿ ಹೊರಟರು. ಇದನ್ನು ಯಾರೂ ಎಣಿಸಿರಲಿಲ್ಲ. ನಾನು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ. ಸೌಟು ಮಗಳ ಎಲೆಯ ಮೇಲೆ ವಾಲಿತು. ಅತ್ತೆಯ ಕೈ ಅಡ್ಡ ಬಂತು, ಅಂಗೈ ಮೇಲಾಗಿ. ಹೊಗೆಯಾಡುವ ಹುಗ್ಗಿ ಅದರ ಮೇಲೆ ಬಿತ್ತು. ಕೈ ಕದಲಲಿಲ್ಲ.

ಮನೆಯ ಯಜಮಾನಿ ಮೆಲ್ಲಗೆ ಕೇಳಿದರು: "ಗುರುಗಳು ಕೊಟ್ಟಿದ್ದನ್ನೂ ತಡೀತೀರೇನ್ರೀ?"

ಅತ್ತೆ ಅವರ ಕಡೆ ತಿರುಗಲಿಲ್ಲ. ಗುರುಗಳ ಮುಖ ನೋಡಿ ಹೇಳಿದರು: "ಕೂಸಿಗೆ ಇದು ವಿಷ ಆಗೇತಿ, ಬುದ್ಧಿ. ಅದರ ಪಾಲು ನಾ ಉಣ್ತೀನಿ."

ಗುರುಗಳು ಸೌಟನ್ನು ಹಿಂದಕ್ಕೆ ತೆಗೆದುಕೊಂಡರು. "ಉಣ್ರಿ ತಾಯಿ" ಎಂದು ಮುಂದೆ ನಡೆದರು.

ಅತ್ತೆ ಅಂಗೈಯಿಂದಲೇ ಉಂಡರು. ಬೆಲ್ಲದ ವಾಸನೆಗೆ ಮಗಳು ಅವರ ಮಣಿಕಟ್ಟು ಹಿಡಿದು ಬಾಯಿ ಮುಂದೆ ತಂದಳು. ದಿನವೂ ಅವಳಿಗೆ ತುತ್ತಿಡುತ್ತಿದ್ದ ಕೈ ಅದು. ಅತ್ತೆ ಅದನ್ನು ಕಿತ್ತುಕೊಂಡು, "ಆಚಿಗೆ ಸರಿ" ಎಂದು ಗದರಿದರು. ಆಮೇಲೆ ನನ್ನನ್ನು ಕರೆದು ನೀರು ಹಾಕಲು ಹೇಳಿದರು. ಹಾಕಿದೆ. ಅಂಗೈ ತೊಳೆದ ನೀರನ್ನು ಎಡಗೈಯಲ್ಲಿ ಹಿಡಿದು ಕುಡಿದರು. ಅಂಗೈ ಕೆಂಪಗೆ ಬೆಂದಿತ್ತು.

ಅಲ್ಲಿಂದಾಚೆಗೆ ಅವರು ಗೋಧಿ ಮುಟ್ಟಲಿಲ್ಲ. ಕೈಗೆ ಅಂಟಿದ್ದು ಕೂಸಿಗೆ ಹೋದೀತು ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಗಣಾರಾಧನೆಯ ಊಟಕ್ಕೆ ಅಕ್ಕಿ ಪಾಯಸ ಮಾಡಿದೆವು. ಬಂದವರು ಹುಗ್ಗಿ ಯಾಕಿಲ್ಲವೆಂದು ಕೇಳಿದರು.

ಅಂದು ಕಣ್ಣಾರೆ ಕಂಡವರಲ್ಲಿ ಗುರುಗಳು ಈಗ ಇಲ್ಲ. ಆ ಮನೆಯ ಯಜಮಾನಿಯೂ ಇಲ್ಲ. ನನ್ನ ಹೆಂಡತಿ ಇದ್ದಾಳೆ. ಮಗಳು ಇದ್ದಾಳೆ.