ಎಂಟರಲ್ಲೊಂದು ಪಾಲು

ಬಂಡೂರಿನ ಕುರಿ ವ್ಯಾಪಾರಿ ಕರಿಯಪ್ಪ ಯಾರನ್ನು ಕಂಡರೂ ಕುರಿಯ ಮಾಂಸ ಅಳೆಯುವಂತೆ ಮೊದಲು ಕಣ್ಣಿನಲ್ಲೇ ಬೆನ್ನು ತಡಕುತ್ತಿದ್ದ. ಆ ಲೆಕ್ಕದಲ್ಲಿ ಊರ ಶಾಲೆಯ ಮರಿಸಿದ್ದಯ್ಯ ಮೇಷ್ಟ್ರು ಸಂತೆಯಲ್ಲಿ ಮಾರಾಟವಾಗದೆ ಮನೆಗೆ ವಾಪಸು ಹೊಡೆದುಕೊಂಡು ಬರುವ ಮಾಲು: ಮೈಮೇಲೆ ಮಾಂಸವಿಲ್ಲ, ದನಿಯಲ್ಲಿ ಗತ್ತಿಲ್ಲ, ಕೋಟಿಗೆ ಎರಡೇ ಗುಂಡಿ. ಹಲ್ಲು ಹಿಡಿದು ನೋಡುವ ಕಷ್ಟವೂ ಇರಲಿಲ್ಲ. ನಕ್ಕರೆ ಎರಡು ಕಮ್ಮಿ ಇರುವುದು ತಾನೇ ಕಾಣುತ್ತಿತ್ತು.

ನಲವತ್ತಮೂರನೇ ಇಸವಿಯ ಪರೀಕ್ಷೆಯ ದಿನ ಕರಿಯಪ್ಪ ಶಾಲೆಯ ಬಾಗಿಲಲ್ಲೇ ನಿಂತಿದ್ದ. ಮಗಳು ಹೊಂಬಾಳಮ್ಮ ನಾಲ್ಕನೇ ಕ್ಲಾಸಿನಲ್ಲಿ ಆಗಲೇ ಒಂದು ವರ್ಷ ಉಳಿದಿದ್ದಳು.

"ಈ ಸಲಾನೂ ಫೇಲಾದ್ರೆ ಸ್ಲೇಟು ಅಟ್ಟಕ್ಕೆ, ಇವ್ಳು ಕುರಿ ಹಿಂದಕ್ಕೆ. ತಿಳೀತಾ ಮೇಷ್ಟ್ರೇ?" ಎಂದು ಬೆಳಿಗ್ಗೆಯೇ ಹೇಳಿದ್ದ.

ಪರೀಕ್ಷೆಗೆ ಬಂದಿದ್ದ ಶಾಲಾ ಇನ್ಸ್‌ಪೆಕ್ಟರು ಹೊಂಬಾಳಮ್ಮನನ್ನು ಕೇಳಿದರು: "ನಾಲ್ಕರಲ್ಲೊಂದು ಪಾಲು ದೊಡ್ಡದೋ, ಎಂಟರಲ್ಲೊಂದೋ?"

"ಎಲ್ಡೂ ಒಂದೇ ಸ್ವಾಮಿ."

ಕೆಂಪು ಪೆನ್ಸಿಲು ಹಾಳೆಯತ್ತ ಇಳಿಯಿತು. ಮೂರು ತಿಂಗಳಿಂದ ಅವಳು ಇದನ್ನೇ ಹೇಳುತ್ತಿದ್ದಳು. ಮೇಷ್ಟ್ರು ರೊಟ್ಟಿಯ ಚಿತ್ರ ಬರೆದಿದ್ದರು, ಗದರಿದ್ದರು, ಬೆತ್ತವನ್ನೂ ತೋರಿಸಿದ್ದರು. ಯಾಕೆ ಎಂದು ಮಾತ್ರ ಕೇಳಿರಲಿಲ್ಲ. ದೊಡ್ಡವರೆದುರು ಕೆಮ್ಮಲೂ ಹೆದರುವ ಆ ಮನುಷ್ಯ ಈಗ ಪೆನ್ಸಿಲಿಗೆ ಅಡ್ಡ ಕೈ ಇಟ್ಟರು.

"ಒಂದ್ ನಿಮಿಷ ಸಾರ್. ಅದೆಂಗವ್ವ ಒಂದೇ?"

ಹೊಂಬಾಳಮ್ಮ ಅಪ್ಪನ ಕಡೆ ನೋಡಿದಳು. "ನಾಕು ಮನೇರು ಸೇರ್ಕಂಡು ಗುಡ್ಡೆ ಹಾಕಿ ಕುರಿ ಬಾಡು ಹಂಚ್ಕಳೋದಾದ್ರೆ ಅಪ್ಪ ಸಣ್ಮರಿ ಕೊಡ್ತಾನೆ. ಎಂಟು ಮನೆಗಾದ್ರೆ ದೊಡ್ಡ ಟಗರು. ಒಂದೊಂದು ಮನೇಗೆ ಬರೋ ಗುಡ್ಡೆ ಒಂದೇ ಅಲ್ವಾ?"

ಕರಿಯಪ್ಪ ತಲೆ ತಗ್ಗಿಸಿದ. ತಪ್ಪು ಅವನ ಅಂಗಳದಲ್ಲೇ ಹುಟ್ಟಿ ಬೆಳೆದದ್ದು.

"ಸರಿ ಕಣವ್ವ," ಎಂದರು ಮೇಷ್ಟ್ರು. " ಕುರಿ ಒಂದೇ ಅದೆ. ನಾಕು ಮನೆಗೆ ಅಂತ ಕುಯ್ದಾಯ್ತು. ಇನ್ನೂ ನಾಕು ಮನೇರು ಬಂದು ಕುಂತವ್ರೆ."

"ಅಯ್ಯೋ, ಗುಡ್ಡೆ ಅರ್ಧಕ್ಕಿಳೀತದೆ!"

"ಹಂಗಾರೆ ಯಾವ್ದು ದೊಡ್ದು?"

"ನಾಕರಲ್ಲೊಂದು."

"ನೀವೇ ತುತ್ತು ಮಾಡಿ ಬಾಯಿಗಿಟ್ಟಿರಲ್ಲ ಮೇಷ್ಟ್ರೇ," ಎಂದರು ಇನ್ಸ್‌ಪೆಕ್ಟರು. "ಆಚೆ ನಿಂತ್ಕೊಳ್ಳಿ. ನಾನೇ ಕೇಳ್ತೀನಿ."

ಮೇಷ್ಟ್ರು ಹೊರಬಂದು ಕರಿಯಪ್ಪನ ಪಕ್ಕ ನಿಂತರು. ಒಳಗಿನಿಂದ ಪ್ರಶ್ನೆ ಕೇಳಿಸಿತು: "ಐದರಲ್ಲೊಂದು ದೊಡ್ಡದೋ, ಮೂರರಲ್ಲೊಂದೋ?"

ಕರಿಯಪ್ಪ ಬಾಗಿಲೊಳಗೆ ಕತ್ತು ಚಾಚಿದ.

"ಒಂದೇ ಕುರೀದಾ ಸ್ವಾಮಿ?" ಎಂದಳು ಹೊಂಬಾಳಮ್ಮ.

ಇನ್ಸ್‌ಪೆಕ್ಟರು ಅವಳನ್ನೇ ದಿಟ್ಟಿಸಿ ನೋಡಿ ಪೆನ್ಸಿಲು ಕೆಳಗಿಟ್ಟರು. "ಹೂಂ. ಒಂದೇ ಕುರೀದು."

"ಹಂಗಾರೆ ಮೂರರಲ್ಲೊಂದು."

ಹೊಂಬಾಳಮ್ಮ ಪಾಸಾದಳು. ಸ್ಲೇಟು ಅಟ್ಟಕ್ಕೆ ಹೋಗಲಿಲ್ಲ.

ಆ ಕರಿಯಪ್ಪ ನಾನೇ. ನನ್ನ ಮಗಳ ಓದು ಮರಿಸಿದ್ದಯ್ಯ ಮೇಷ್ಟ್ರು ಉಳಿಸಿಕೊಟ್ಟದ್ದು. ಅವರನ್ನು ಮಾರಾಟವಾಗದ ಮಾಲೆಂದು ಅಳೆದದ್ದಕ್ಕೆ ತಪ್ಪಾಯ್ತು ಎಂಬ ಒಂದು ಮಾತನ್ನು ನಾನು ಅವರಿಗೆ ಇನ್ನೂ ಹೇಳಬೇಕಾಗಿದೆ.